ಇಪ್ಪತ್ತೊಂಬತ್ತನೇ ದಿನ

ಮಾರ್ಚ್ 5, 2019, ಮಂಗಳವಾರ

ನೂರಾ ಹದಿನಾಲ್ಕನೆಯ ಕಲ್ಲು ನಿಂತಿತು. ಓಕ್ ದಿಬ್ಬದ ಸ್ಮಶಾನ, ಉತ್ತರದ ಸಾಲು, ಸಿಪಾಯಿ ಅಬ್ನರ್ ಟೂಥಿಲ್, ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಮೂರು ವರ್ಷ ಸೇವೆ. ನೆಲ ಇನ್ನೂ ಹೆಪ್ಪುಗಟ್ಟಿತ್ತು. ಸಂಘದ ಗೆಳೆಯ ಮರ್ವಿನ್ ಹಾರೆ ಹಿಡಿದು ಅಗೆದದ್ದಕ್ಕಿಂತ ಬೈದದ್ದೇ ಹೆಚ್ಚು. ನೂರು ವರ್ಷಕ್ಕೂ ಮೇಲೆ ಹೆಸರಿಲ್ಲದೆ ಮಲಗಿದ್ದವನಿಗೆ ಇವತ್ತು ಹೆಸರು ಬಂತು. ಟ್ರೆಂಟ್‌ಬರ್ಗಿನಲ್ಲಿ ಮೂವತ್ತೆಂಟು ವರ್ಷ ವಕೀಲಿಕೆ ಮಾಡಿ ನಾನು ಸಂಪಾದಿಸಿದ ತೃಪ್ತಿಯಲ್ಲಿ ಮುಕ್ಕಾಲು ಪಾಲು ಈ ಕಲ್ಲುಗಳದ್ದೇ.

ಸಂಜೆ ಗ್ರಂಥಾಲಯದಲ್ಲಿ ಸಿಪಾಯಿಗಳ ವಂಶಜರ ಸಂಘದ ಸಭೆ. ಅಧ್ಯಕ್ಷನೂ ನಾನೇ, ದಾಖಲೆ ಪರಿಶೀಲಕನೂ ನಾನೇ. ಹೊಸ ಅರ್ಜಿ ಒಂದೇ: ಲಾರಿ ರಿಪೇರಿ ಮಾಡುವ ಗ್ಲೆನ್ ಸ್ಟಕಿಯದು. ಸೈನ್ಯದ ದಾಖಲೆಯಲ್ಲಿ ಅವನ ಮುತ್ತಜ್ಜನ ಹೆಸರಿನ ಮುಂದೆ 'ಪರಾರಿ' ಎಂದಿದೆ. ಗೌರವದ ಸೇವೆ ಮಾಡಿದವರ ವಂಶಜರಿಗಷ್ಟೇ ಸಂಘದಲ್ಲಿ ಜಾಗ. ತಿರಸ್ಕರಿಸಿದೆ.

"ಅವ್ನಿಗೆ ಹದಿನೇಳು ವರ್ಷ ಕಣ್ರೀ, ಹೇಗನ್ ಸಾಹೇಬ್ರೇ," ಅಂದ ಸ್ಟಕಿ.

"ವಯಸ್ಸು ನಾನು ಕೇಳ್ಲಿಲ್ಲ. ದಾಖಲೆ ಏನನ್ನತ್ತೋ ಅಷ್ಟೇ."

"ಓಡಿಹೋದೋನು ಯಾಕೆ ಓಡ್ದ ಅಂತ ಆ ದಾಖಲೇಲಿ ಬರೆದಿದ್ಯಾ?"

ಬರೆದಿರುವುದಿಲ್ಲ. ಬರೆಯುವ ಜಾಗವೂ ಇಲ್ಲ. ಟೋಪಿ ಹಾಕಿಕೊಂಡು ಹೊರಟುಹೋದ.

ಮಗ ಕರ್ಟಿಸ್ ಕಚೇರಿಗೆ ಫೋನ್ ಮಾಡಿದ್ದನಂತೆ. ಗುರುವಾರ ಬರುತ್ತಾನಂತೆ.

ಮಾರ್ಚ್ 7, ಗುರುವಾರ

ಬಂದ. ಧಾನ್ಯದ ಗೋದಾಮಿನಿಂದ ನೇರ ಬಂದಿರಬೇಕು, ಹುಬ್ಬಿನ ಮೇಲೆಲ್ಲ ಜೋಳದ ಧೂಳು. ಮೂವತ್ತೆಂಟಕ್ಕೆ ಐವತ್ತರವನಂತೆ ಕಾಣುತ್ತಾನೆ. ಒಂದು ವಾಕ್ಯಕ್ಕೆ ಎರಡು ಸಲ ಕೆಮ್ಮು. ಇರಾಕ್‌ನಲ್ಲಿ ಕಸದ ಗುಂಡಿಗೆ ಬೆಂಕಿ ಹಾಕಿ ಕಾಯುವ ಕೆಲಸ ಇತ್ತಲ್ಲ, ಅದರ ಹೊಗೆ ಎನ್ನುತ್ತಾನೆ.

ಸೈನಿಕರ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಬಿಡುವುದಿಲ್ಲ. ಅವನ ಬಿಡುಗಡೆ ಪತ್ರದಲ್ಲಿ 'ಗೌರವದಿಂದ' ಎಂಬ ಮಾತಿಲ್ಲ. ರಜೆಗೆ ಬಂದವನು ಹಿಂತಿರುಗದೆ ನಮ್ಮ ನೆಲಮಾಳಿಗೆಯಲ್ಲಿ ಕೂತ. ಇಪ್ಪತ್ತೊಂಬತ್ತನೇ ದಿನ ಬಂದು ಹಿಡಿದುಕೊಂಡು ಹೋದರು. ಜೂನ್ 14, 2004ಕ್ಕೆ ಆ ಪತ್ರ ಕೈಗಿಟ್ಟು ಕಳಿಸಿದರು. ಅದನ್ನು ತಿದ್ದಿಸಿಕೊಳ್ಳಲು ಮಂಡಳಿಗೆ ಅರ್ಜಿ ಹಾಕಬಹುದು, ಹದಿನೈದು ವರ್ಷದೊಳಗೆ. ಅಂದರೆ ಬರುವ ಜೂನ್ 14ರೊಳಗೆ ತಲುಪಬೇಕು.

"ಅಪ್ಪ, ಒಂದೇ ಒಂದು ಪುಟ ಬೇಕು. ಆವಾಗ ಮನೇಲಿ ನಾನು ಹೇಗಿದ್ದೆ ಅಂತ. ನೋಡಿದೋರು ನೀನು, ಅಮ್ಮ ಇಬ್ರೇ. ನೀನು ವಕೀಲ, ನಿನ್ ಮಾತಿಗೆ ತೂಕ ಇರತ್ತೆ."

"ನೋಡೋಣ."

"ಸುಳ್ಳು ಬರಿ ಅಂತಿಲ್ಲ. ನೋಡಿದ್ದು ಬರಿ."

ಬರೀತೀನಿ ಅಂದೆ. ಇನ್ನೂ ಮೂರು ತಿಂಗಳಿದೆ.

ಮಾರ್ಚ್ 21, ಗುರುವಾರ

ಎರಡು ಉಯಿಲು, ಒಂದು ಬೇಲಿ ಜಗಳ. ಬೇಲಿಯವರು ಅಣ್ಣತಮ್ಮಂದಿರು, ಒಂದೇ ಚರ್ಚು, ಒಂದೇ ಬೆಂಚು. ಪುಟ ಬರೆಯಲಾಗಲಿಲ್ಲ.

ನನ್ನ ಮುತ್ತಜ್ಜನ ಅಪ್ಪ ಎಫ್ರಾಯಿಮ್ ಹೇಗನ್‌ನ ಪೂರ್ತಿ ಕಡತಕ್ಕೆ ದಾಖಲೆ ಭಂಡಾರಕ್ಕೆ ಬರೆದೆ. ಅವನ ಕಲ್ಲು ಸವೆದುಹೋಗಿದೆ. ಮೇ ತಿಂಗಳ ಸೈನಿಕರ ಸ್ಮರಣೆ ದಿನ ಹೊಸ ಕಲ್ಲು ನಿಲ್ಲಿಸಬೇಕು, ಭಾಷಣ ನನ್ನದು. ಇವನ ವಂಶದವನೆಂದೇ ನನಗೆ ಸಂಘದಲ್ಲಿ ಜಾಗ ಸಿಕ್ಕಿದ್ದು.

ಏಪ್ರಿಲ್ 3, ಬುಧವಾರ

ಊಟಕ್ಕೆ ಕೂತಾಗ ಹೆಂಡತಿ ಆರ್ಲೀನ್ ಕೇಳಿದಳು, "ಬರೆದ್ಯಾ?"

"ಶುರು ಮಾಡಿದೀನಿ."

"ಟೂಥಿಲ್‌ಗೆ ಕಾಗದ ಮಾಡೋಕೆ ಎಷ್ಟು ದಿನ ಹಿಡೀತು?"

"ಅದು ಬೇರೆ, ಆರ್ಲೀನ್."

"ಬೇರೆನೇ. ಅವ್ನು ಸತ್ತಿದಾನೆ." ತಟ್ಟೆ ಎತ್ತಿಕೊಂಡು ಎದ್ದಳು. "ಊರಿಗೆ ಉಪಕಾರಿ, ಮನೆಗೆ ಮಾರಿ."

ಶುರು ಮಾಡಿದ್ದೇನೋ ನಿಜ. ಅವನು ಡಿಸೆಂಬರಿನಲ್ಲಿ ಬಂದ ಎಂದು ಬರೆದೆ. ವಾಷಿಂಗ್ ಮೆಷಿನ್ ತಿರುಗುತ್ತಿದ್ದರೆ ಮಾತ್ರ ಅದರ ಪಕ್ಕ ಕೂತು ನಿದ್ದೆ ಮಾಡುತ್ತಿದ್ದ, ನಿಂತರೆ ಎದ್ದು ಬಿಡುತ್ತಿದ್ದ, ಆರ್ಲೀನ್ ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆಯುತ್ತಿದ್ದಳು ಎಂದು ಬರೆದೆ. ಮೂರನೇ ವಾಕ್ಯದಲ್ಲಿ 'ಆಮೇಲೆ ಅವನನ್ನು ಕರೆದುಕೊಂಡು ಹೋದರು' ಎಂದು ಬರಬೇಕು. ಯಾರೋ ತಿಳಿಸಿದ್ದರಿಂದ ಎನ್ನಲೇ? ಅಫಿಡವಿಟ್ಟಿನಲ್ಲಿ 'ಯಾರೋ' ಎಂಬುವನಿಗೆ ಜಾಗವಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಏಪ್ರಿಲ್ 18, ಗುರುವಾರ

ಎದುರುಮನೆಯ ಡೆಲ್ಫಿನ್ ಪ್ರೂಯಿಟ್ ಈಸ್ಟರಿಗೆಂದು ಹುಳಿ ದಂಟಿನ ಸಿಹಿ ಕಡುಬು ಮಾಡಿ ತಂದಿದ್ದಳು. ಪ್ರತಿ ವರ್ಷ ತರುತ್ತಾಳೆ. ಆರ್ಲೀನ್ ಬಾಗಿಲು ತೆರೆಯುವುದಿಲ್ಲ. ಕರ್ಟಿಸ್ ಮೇಲೆ ಚಾಡಿ ಹೇಳಿದವಳು ಅವಳೇ ಎಂದು ಹದಿನೈದು ವರ್ಷದಿಂದ ನಂಬಿದ್ದಾಳೆ. ಆ ದಿನಗಳಲ್ಲಿ ಡೆಲ್ಫಿನ್ ಸದಾ ಕಿಟಕಿಯಲ್ಲೇ ಇರುತ್ತಿದ್ದಳು, ಅಷ್ಟೇ ಸಾಕ್ಷಿ. ಅವಳ ಗಂಡ ಸತ್ತಾಗಲೂ ಆರ್ಲೀನ್ ಹೋಗಲಿಲ್ಲ. ಕಡುಬಿನ ತಟ್ಟೆ ಮೆಟ್ಟಿಲ ಮೇಲೇ ಉಳಿಯಿತು.

ಸೈನ್ಯಕ್ಕೆ ಫೋನ್ ಮಾಡಿದವನು ನಾನು.

ಇಲ್ಲಿಯಾದರೂ ಬರೆಯಬಹುದಲ್ಲ. ಶುಕ್ರವಾರ ಸಂಜೆ, ಗುಮಾಸ್ತೆ ಮನೆಗೆ ಹೋದ ಮೇಲೆ, ಕಚೇರಿಯಿಂದ. ಮೂವತ್ತು ದಿನ ದಾಟಿದರೆ ಹೆಸರಿನ ಮುಂದೆ 'ಪರಾರಿ' ಎಂದು ಬೀಳುತ್ತದೆ. ಅದು ಬೀಳಬಾರದೆಂದು ಮಾಡಿದೆ. ಅವನಿಗಾಗಿಯೇ ಮಾಡಿದೆ.

ಏಪ್ರಿಲ್ 23, ಮಂಗಳವಾರ

ಭಂಡಾರದಿಂದ ದಪ್ಪ ಲಕೋಟೆ. ಎಫ್ರಾಯಿಮ್‌ನದು ಮೂವತ್ತೊಂದು ಹಾಳೆ. ನಿಂತೇ ಓದಿದೆ, ಆಮೇಲೆ ಕೂತು ಓದಿದೆ.

ಅಕ್ಟೋಬರ್ 1862: ಪರಾರಿ.

ನಾಲ್ಕು ತಿಂಗಳು ಮನೆಯಲ್ಲಿದ್ದು, ಓಡಿಹೋದವರಿಗೆ ಸರ್ಕಾರ ಕ್ಷಮೆ ಸಾರಿದಾಗ ಹಿಂತಿರುಗಿದ್ದಾನೆ. ಗಾಯಗೊಂಡದ್ದೂ ಆಮೇಲೆಯೇ. ಆ ಕಲೆ ಅಳಿಸಿದ್ದು 1886ರಲ್ಲಿ, ಅವನ ಅಪ್ಪ ಜೋನಾಸ್ ಕೊಟ್ಟ ಅಫಿಡವಿಟ್ಟಿನಿಂದ. ಜೋನಾಸನಿಗೆ ಆಗ ಎಪ್ಪತ್ತನಾಲ್ಕು. ಓದು ಬರಹ ಬಾರದು. ಹೇಳಿ ಬರೆಸಿ, ಕೆಳಗೆ ಅಡ್ಡಗೀಟು ಎಳೆದಿದ್ದಾನೆ. 'ಮಗ ಜ್ವರದಲ್ಲಿ ಮಲಗಿದ್ದ. ಹೋಗುತ್ತೇನೆಂದು ಎದ್ದಾಗಲೆಲ್ಲ ಬಾಗಿಲಿಗೆ ಅಡ್ಡ ನಿಂತವನು ನಾನು. ತಪ್ಪು ಏನಿದ್ದರೂ ನನ್ನದು.'

ಅದೇ ಕಡತದಲ್ಲಿ ನೆರೆಯವನೊಬ್ಬನ ಹೇಳಿಕೆಯೂ ಇದೆ. ಆ ಚಳಿಗಾಲ ಎಫ್ರಾಯಿಮ್ ಎರಡು ಗಾಡಿ ಜೋಳ ಸುಲಿದದ್ದನ್ನು ಕಣ್ಣಾರೆ ಕಂಡೆ, ಜ್ವರ ಗಿರ ಏನೂ ಕಾಣಲಿಲ್ಲ ಎಂದು. ವಿಚಾರಣೆಯ ಅಧಿಕಾರಿ ಅದರ ಮೇಲೆ ಗೀಚಿದ್ದಾನೆ: 'ತಂದೆಯ ಮಾತು ಸಾಕು.'

ನಿಯಮಾವಳಿ ತೆಗೆದು ಮೂರು ಸಲ ನೋಡಿದೆ. ಆರೋಪ ಅಳಿಸಿದ್ದರೆ ಸೇವೆ ಗೌರವದ್ದೇ. ನನ್ನ ಸದಸ್ಯತ್ವಕ್ಕೆ ಧಕ್ಕೆಯಿಲ್ಲ.

ಮರ್ವಿನ್‌ಗೆ ಹೇಳಿದೆ. "ಅಯ್ಯೋ ಬಿಡು ಮಾರಾಯ, ನೂರೈವತ್ತು ವರ್ಷ ಆಯ್ತು. ಅಪ್ಪ ಅಂದ್ಮೇಲೆ ಒಂದು ಸುಳ್ಳಾದ್ರೂ ಹೇಳ್ಬೇಡ್ವಾ?" ಅಂದ. ಅವನಿಗೆ ಮಕ್ಕಳಿಲ್ಲ.

ಮೇ 9, ಗುರುವಾರ

ಕರ್ಟಿಸ್ ಫೋನ್ ಮಾಡಿದ. "ಐದು ವಾರ ಇದೆ, ಅಪ್ಪ."

"ಲೆಕ್ಕ ನಂಗೂ ಬರತ್ತೆ."

"ಸತ್ತೋರಿಗಾದ್ರೆ ಒಂದೇ ವಾರದಲ್ಲಿ ಮಾಡಿಸ್ತೀಯ. ನಾನು ಸ್ವಲ್ಪ ಬೇಗ ಸತ್ರೆ ಕೆಲ್ಸ ಆಗತ್ತಾ?"

ನಗುತ್ತಲೇ ಹೇಳಿದ. ನಗು ಕೆಮ್ಮಾಗಿ ತಿರುಗಿತು, ಬಹಳ ಹೊತ್ತು ನಿಲ್ಲಲಿಲ್ಲ. ನಾನು ಫೋನ್ ಹಿಡಿದೇ ಇದ್ದೆ. ಭಾಷಣದ ಕರಡು ಮುಗಿಯಿತು, ಎಂಟು ನಿಮಿಷ.

ಮೇ 27, ಸೋಮವಾರ, ಸ್ಮರಣೆ ದಿನ

ಇನ್ನೂರು ಜನಕ್ಕೆ ಕಡಿಮೆಯಿಲ್ಲ. ಬಿಸಿಲು. ಹಸಿರು ಕೊಂಬೆ ಇಟ್ಟೆವು, ಬಿಳಿ ಗುಲಾಬಿ ಇಟ್ಟೆವು, ಎಫ್ರಾಯಿಮ್‌ನ ಹೊಸ ಕಲ್ಲಿನ ಬಟ್ಟೆ ಸರಿಸಿದೆವು. 'ಕರೆದಾಗ ಓಗೊಟ್ಟವನು, ಎಂದೂ ಬೆನ್ನು ತೋರದವನು' ಎಂದು ಓದಿದೆ. ಆ ಸಾಲು ಫೆಬ್ರವರಿಯಲ್ಲೇ ಬರೆದದ್ದು, ತೆಗೆಯಬೇಕೆಂದುಕೊಂಡಿದ್ದೆ, ಮರೆತೆ.

ಕರ್ಟಿಸ್ ಬಂದಿದ್ದ. ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ. ಮೂರು ಸುತ್ತು ಗುಂಡು ಹಾರಿಸುವಾಗ ಮೊದಲನೆಯದಕ್ಕೇ ಕಾಣೆಯಾದ. ಆರ್ಲೀನ್ ಕುರ್ಚಿ ಬಿಟ್ಟು ಹುಡುಕಿಕೊಂಡು ಹೋದಳು. ನಿಂತ ಕಾರುಗಳ ಹಿಂದೆ ನೆಲದ ಮೇಲೆ ಅವನು ಕೂತಿದ್ದು, ಅವಳು ಒಳ್ಳೆಯ ಬಟ್ಟೆಯಲ್ಲೇ ಪಕ್ಕದಲ್ಲಿ ಕೂತು ಅವನ ಕಿವಿ ಮುಚ್ಚಿದ್ದು ವೇದಿಕೆಯಿಂದ ಕಾಣುತ್ತಿತ್ತು. ಸತ್ತವರ ಹೆಸರು ಓದುವುದು ಅರ್ಧದಲ್ಲಿತ್ತು. ಅರ್ಧಕ್ಕೆ ನಿಲ್ಲಿಸುವ ಪದ್ಧತಿ ಇಲ್ಲ. ನೂರಾ ಹದಿನೈದೂ ಓದಿದೆ.

ಊಟದ ಹೊತ್ತಿಗೆ ಹೊರಟುಹೋಗಿದ್ದ. ಎಲ್ಲರೂ ಭಾಷಣ ಚೆನ್ನಾಗಿತ್ತು ಎಂದರು.

ಜೂನ್ 6, ಗುರುವಾರ

ಬರೆದೆ. ಒಂದೂವರೆ ಪುಟ. ಬಟ್ಟೆ ಒಗೆಯುವ ಯಂತ್ರ, ನಿದ್ದೆ, ಉಳಿದದ್ದೆಲ್ಲ. ಜೋನಾಸನ ಕಾಗದ ಮೇಜಿನ ಮೇಲಿತ್ತು, ಅದನ್ನು ನೋಡುತ್ತಾ ಬರೆದೆ. ಮೂರನೇ ವಾಕ್ಯ ಹೀಗಿದೆ: 'ಜನವರಿ 30ರ ಸಂಜೆ ನನ್ನ ಮಗ ಎಲ್ಲಿದ್ದಾನೆಂದು ಸೈನ್ಯಕ್ಕೆ ಫೋನ್ ಮಾಡಿ ತಿಳಿಸಿದವನು ನಾನು.' ಸಹಿ, ಮೊಹರು ಆಯಿತು. ಆರ್ಲೀನ್‌ಗೆ ತೋರಿಸಿಲ್ಲ.

ಜೂನ್ 9, ಭಾನುವಾರ

ಚರ್ಚು ಮುಗಿಸಿ ಕರ್ಟಿಸ್‌ನ ಮನೆಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. ವಾಷಿಂಗ್ ಮೆಷಿನ್ ಮಂಚದ ಪಕ್ಕದಲ್ಲೇ ಇದೆ. ಕಾಫಿ ಕೊಟ್ಟ. ಪುಟ ಕೊಟ್ಟೆ. ಓದಿದ. ಮತ್ತೆ ಮೇಲಿಂದ ಓದಿದ.

"ನೀನಾ," ಅಂದ.

"ಮೂವತ್ತು ದಿನ ದಾಟಿದ್ರೆ ಪರಾರಿ ಅಂತ ಬರೀತಿದ್ರು. ಅದನ್ನ ತಪ್ಪಿಸೋಕೆ."

"ಭಾನುವಾರದ ಬಸ್ಸಿಗೆ ನಾನೇ ಹೊರಟಿದ್ದೆ, ಅಪ್ಪ. ಮೂವತ್ತನೇ ದಿನಕ್ಕೆ. ಅಮ್ಮ ಸಮವಸ್ತ್ರ ಇಸ್ತ್ರಿ ಮಾಡಿ ಇಟ್ಟಿದ್ಲು."

"ನಂಗ್ಯಾರೂ ಹೇಳ್ಲಿಲ್ಲ."

"ನೀನು ಮೂರು ವಾರದಿಂದ ಮೆಟ್ಟಿಲೇ ಇಳಿದಿರ್ಲಿಲ್ಲ. ಹೇಳೋದು ಯಾರಿಗೆ?"

ಆಮೇಲೆ, ಕೂಗಾಡದೆ, ಪಾಠ ಒಪ್ಪಿಸಿದ ಹಾಗೆ ಹೇಳಿದ: ತಾನಾಗಿ ಹಿಂತಿರುಗಿದವನಿಗೆ ಒಂದು ದಾರಿ, ಹಿಡಿದು ತಂದವನಿಗೆ ಇನ್ನೊಂದು. ಅವನ ದಳದಲ್ಲೇ ರಜೆಯಿಂದ ತಡವಾಗಿ ತಾವಾಗಿಯೇ ಹಿಂತಿರುಗಿದ ಇಬ್ಬರಿಗೆ ಸಂಬಳ ಕಡಿತವಾಯಿತಂತೆ, ಗೌರವದ ಬಿಡುಗಡೆಯೇ ಸಿಕ್ಕಿತಂತೆ. ಇವನ ಕಾಗದದಲ್ಲಿ 'ಹಿಡಿದು ತರಲಾಯಿತು' ಎಂದಿದೆ.

ಮೂವತ್ತು ದಿನದ ನಿಯಮ ನನಗೆ ಗೊತ್ತಿತ್ತು. ಅದರ ಕೆಳಗಿನ ನಿಯಮ ನಾನು ಓದಿರಲಿಲ್ಲ. ನನ್ನ ಕಕ್ಷಿದಾರರಲ್ಲಿ ಯಾರಿಗಾದರೂ ಹೀಗೆ ಮಾಡಿದ್ದರೆ ನನ್ನ ಸನ್ನದು ಕಿತ್ತುಕೊಳ್ಳುತ್ತಿದ್ದರು.

"ನಾನೇ ಅಂಚೆಗೆ ಹಾಕ್ತೀನಿ," ಅಂದ. ಬಾಗಿಲವರೆಗೂ ಬಂದ. ಅವನು ಕೊಟ್ಟ ಕಾಫಿ ನಾನು ಕುಡಿಯಲೇ ಇಲ್ಲ ಎಂದು ಈಗ ನೆನಪಾಗುತ್ತಿದೆ.

ಜೂನ್ 12, ಬುಧವಾರ

ಕರ್ಟಿಸ್ ಎರಡು ಸಲ ಕಚೇರಿಗೆ ಫೋನ್ ಮಾಡಿದನಂತೆ. 'ಅಪ್ಪನಿಗೆ ಒಂದು ನಿಮಿಷ ಸಿಗೋಕೆ ಹೇಳಿ, ಅರ್ಜೆಂಟು' ಎಂದು ಗುಮಾಸ್ತೆ ಚೀಟಿ ಬರೆದಿಟ್ಟಿದ್ದಾಳೆ. ಬೈಯಲಿಕ್ಕೇ ಇರಬೇಕು. ಬೈಯಲಿ, ಅವನಿಗೆ ಹಕ್ಕಿದೆ. ಆದರೆ ನಾಳೆ ಬೆಳಿಗ್ಗೆ ರಾಜ್ಯ ಸಮ್ಮೇಳನಕ್ಕೆ ಹೊರಡಬೇಕು. ಬಂದ ಮೇಲೆ ಕೂತು ಬೈಸಿಕೊಳ್ಳುತ್ತೇನೆ.

ಜೂನ್ 15, ಶನಿವಾರ

ಸಮ್ಮೇಳನದಲ್ಲಿ ನನ್ನನ್ನು ರಾಜ್ಯದ ಸಮಾಧಿ ದಾಖಲೆಗಳ ಮುಖ್ಯಸ್ಥನನ್ನಾಗಿ ಆರಿಸಿದರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಕರ್ಟಿಸ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅರ್ಜಿ ನಿನ್ನೆಯೊಳಗೆ ತಲುಪಿರಬೇಕು.

ಜೂನ್ 24, ಸೋಮವಾರ

ಬೆಳಿಗ್ಗೆ ಗೋದಾಮಿನ ಏಣಿಮೆಟ್ಟಿಲ ಮೇಲೆ ಉಸಿರು ಸಿಗದೆ ಕರ್ಟಿಸ್ ಹೋದ. ಕೆಳಗಿದ್ದವರು ಹತ್ತಿ ತಲುಪುವಷ್ಟರಲ್ಲಿ ಮುಗಿದಿತ್ತು.

ಜೂನ್ 28, ಶುಕ್ರವಾರ

ಓಕ್ ದಿಬ್ಬದಲ್ಲೇ ಮಣ್ಣು ಮಾಡಿದೆವು. ಟೂಥಿಲ್‌ನ ಕಲ್ಲಿನಿಂದ ಹತ್ತು ಹೆಜ್ಜೆ.

ಆ ಬಿಡುಗಡೆ ಪತ್ರಕ್ಕೆ ಏನೇನು ಸಿಗುವುದಿಲ್ಲ ಎಂಬುದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬಾವುಟವಿಲ್ಲ, ಗುಂಡಿಲ್ಲ, ಕಲ್ಲಿಲ್ಲ. ಗುಂಡಿಲ್ಲದ್ದೇ ಒಳ್ಳೆಯದಾಯಿತು. ಮರ್ವಿನ್ ಕಹಳೆ ತಂದಿದ್ದ.

"ನಿಯಮದಲ್ಲಿ ಇಲ್ಲ, ಮರ್ವಿನ್," ಅಂದೆ. ಹೌದು, ಅದನ್ನೂ ಹೇಳಿದೆ.

"ನಿಯಮ ನೀನೇ ಇಟ್ಕೋ, ರಸ್. ಉಸಿರು ನಂದು," ಅಂದು ಊದಿದ. ಮಧ್ಯದಲ್ಲಿ ಸ್ವರ ಒಡೆಯಿತು. ಮತ್ತೆ ಮೊದಲಿಂದ ಊದಿದ.

ಎಲ್ಲರೂ ಹೋದ ಮೇಲೆ ಗ್ಲೆನ್ ಸ್ಟಕಿ ಹತ್ತಿರ ಬಂದ. ಗೋದಾಮಿನ ಲಾರಿಗಳು ಅವನ ಕೈಯಲ್ಲೇ ರಿಪೇರಿಯಾಗುತ್ತವಂತೆ. ಕರ್ಟಿಸ್ ಜೊತೆ ದಿನಾ ಮಧ್ಯಾಹ್ನ ಬುತ್ತಿ ತಿನ್ನುತ್ತಿದ್ದನಂತೆ. ನನಗೆ ಗೊತ್ತಿರಲಿಲ್ಲ. ಒಂದು ದೊಡ್ಡ ಲಕೋಟೆ ಕೈಗಿಟ್ಟ. "ಅವ್ನ ಕಪಾಟಲ್ಲಿತ್ತು. ನಿಮ್ಮದೇ ಅಂತ ಕಾಣತ್ತೆ."

ಮಂಡಳಿಯ ವಿಳಾಸ, ಅಂಚೆ ಚೀಟಿ, ಎಲ್ಲ ಸರಿಯಾಗಿತ್ತು. ಬಾಯಿ ಅಂಟಿಸಿರಲಿಲ್ಲ. ಒಳಗೆ ಅರ್ಜಿ ಪೂರ್ತಿ ತುಂಬಿದೆ. ನನ್ನ ಪುಟವಿದೆ. ಮೂರನೇ ವಾಕ್ಯದ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ. ಅಂಚಿನಲ್ಲಿ ಅವನ ಅಕ್ಷರ:

'ಅಪ್ಪ, ಇದೊಂದು ಬೇಡ. ಅಮ್ಮ ಓದ್ತಾಳೆ. ಇದು ಬಿಟ್ಟು ಹೊಸದಾಗಿ ಸಹಿ ಮಾಡ್ಕೊಡು.'

ಬುಧವಾರ ಎರಡು ಸಲ ಫೋನ್ ಮಾಡಿದ್ದು ಇದಕ್ಕೆ.

ಜುಲೈ 2, ಮಂಗಳವಾರ

ಲಕೋಟೆಯನ್ನು ಅಡುಗೆಮನೆ ಮೇಜಿನ ಮೇಲಿಟ್ಟೆ. ಓದು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮೂವತ್ತೆಂಟು ವರ್ಷದ ವಕೀಲಿಕೆ, ಅಡ್ಡಗೋಡೆ ಮೇಲೆ ದೀಪ ಇಡುವ ಚಾಳಿ. ಆರ್ಲೀನ್ ಕೈ ಒರೆಸಿಕೊಂಡು ಕೂತು ಓದಿದಳು. ಅಂಚಿನಲ್ಲಿದ್ದದ್ದನ್ನೂ ಓದಿದಳು.

"ಶುಕ್ರವಾರನಾ ಫೋನ್ ಮಾಡಿದ್ದು?"

"ಹೂಂ."

"ಶುಕ್ರವಾರನೇ ಇಸ್ತ್ರಿ ಮಾಡ್ದೆ ನಾನು. ಕಾಲರ್ ಸರಿಯಾಗಿ ಕೂರ್ಲಿಲ್ಲ ಅಂತ ಎರಡು ಸಲ."

ಎದ್ದು, ಸೇಬಿನ ಕಡುಬು ಮಾಡಿದಳು. ಆರಲು ಬಿಟ್ಟಳು. ತಲೆ ಬಾಚಿಕೊಂಡು, ಅದನ್ನೆತ್ತಿಕೊಂಡು ರಸ್ತೆ ದಾಟಿ ಡೆಲ್ಫಿನ್ ಪ್ರೂಯಿಟ್‌ಳ ಬಾಗಿಲು ತಟ್ಟಿದಳು. ಕಿಟಕಿಯಿಂದ ನೋಡುತ್ತಿದ್ದೆ. ಎರಡು ಗಂಟೆ ಅಲ್ಲೇ ಇದ್ದಳು. ಬಂದವಳು ನನ್ನ ಬಟ್ಟೆಗಳನ್ನು ಮಡಚಿ ಕರ್ಟಿಸ್‌ನ ಹಳೆಯ ಕೋಣೆಯಲ್ಲಿಟ್ಟಳು. ನಾನು ಈಗ ಅಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ಖಾಲಿ ವಾಷಿಂಗ್ ಮೆಷಿನ್ ತಿರುಗುತ್ತಿದೆ, ಅವಳೇ ಹಾಕಿರಬೇಕು.

ಜುಲೈ 11, ಗುರುವಾರ

ಗಡುವು ಮುಗಿದ ಮೇಲೂ ಇನ್ನೊಂದು ಮಂಡಳಿಗೆ ಅರ್ಜಿ ಹಾಕಲು ಬರುತ್ತದೆ. ಸತ್ತವನ ಪರವಾಗಿ ಮನೆಯವರು ಹಾಕಬಹುದು. ವರ್ಷಗಟ್ಟಲೆ ಹಿಡಿಯುತ್ತದೆ, ಹೆಚ್ಚಿನವು ಬಿದ್ದುಹೋಗುತ್ತವೆ. ಆಗಿಬಂದರೂ ಅವನಿಗೆ ಇನ್ನು ಬೇಕಾದ ಆಸ್ಪತ್ರೆ ಯಾವುದೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ರಾಜ್ಯದ ಹುದ್ದೆ ಒಲ್ಲೆನೆಂದು ಬರೆದೆ. ಗ್ಲೆನ್ ಸ್ಟಕಿಯ ಅರ್ಜಿ ಹೊರತೆಗೆದು ಮರ್ವಿನ್‌ಗೆ ಕೊಟ್ಟೆ, ಮತ್ತೆ ಸಭೆಗೆ ಇಡಲಿ. ಅವನ ಮುತ್ತಜ್ಜನಿಗೆ ಒಬ್ಬ ಜೋನಾಸ್ ಇರಲಿಲ್ಲ, ಅಷ್ಟೇ.

ಆರ್ಲೀನ್ ತನ್ನ ಹೇಳಿಕೆ ತಾನೇ ಬರೆದಳು: ಇಸ್ತ್ರಿ, ಭಾನುವಾರದ ಬಸ್ಸು. ಅರ್ಧ ಪುಟ. ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋದಳು. ನನ್ನ ಪುಟ ಹೊಸದಾಗಿ ಬರೆದೆ. ಮೂರನೇ ವಾಕ್ಯವನ್ನು ಇದ್ದಲ್ಲೇ ಇಟ್ಟೆ. ಕೊನೆಯಲ್ಲಿ, ತಪ್ಪು ಏನಿದ್ದರೂ ನನ್ನದು ಎಂದು ಸೇರಿಸಿದೆ. ಜೋನಾಸನದು ಸುಳ್ಳಿದ್ದೀತು. ನನ್ನದು ನಿಜ.

ಆಮೇಲೆ ಆ ಮಂಡಳಿಯ ನಮೂನೆ ತುಂಬಿಸಿದೆ. ಸಿಪಾಯಿಯ ಹೆಸರು, ದಳ, ಸತ್ತ ದಿನ. ಕೈಗೆ ರೂಢಿಯಾದ ಕೆಲಸ, ಕಲ್ಲುಗಳಿಗಾಗಿ ನೂರಾ ಹದಿನೈದು ಸಲ ಮಾಡಿದ್ದು. 'ಸಿಪಾಯಿಗೂ ನಿಮಗೂ ಸಂಬಂಧ' ಎಂಬಲ್ಲಿ ಎಂದಿನ ಹಾಗೆ 'ವಂಶಜ' ಎಂದು ಬರೆದುಬಿಟ್ಟಿದ್ದೆ. ಸಹಿ ಹಾಕುವಾಗ ಕಣ್ಣಿಗೆ ಬಿತ್ತು.

ಹೊಡೆದು ಹಾಕಿ ಪಕ್ಕದಲ್ಲಿ 'ತಂದೆ' ಎಂದು ಬರೆದೆ. ತಿದ್ದಿದ ನಮೂನೆಯನ್ನು ನಾನು ಯಾರಿಂದಲೂ ತೆಗೆದುಕೊಂಡವನಲ್ಲ. ಹೊಸದೊಂದು ತುಂಬಿಸಲು ಹೊರಟು, ಗಡಿಯಾರ ನೋಡಿದೆ. ಅಂಚೆಯವನು ಬರುವ ಹೊತ್ತಾಗಿತ್ತು. ಅದನ್ನೇ ಲಕೋಟೆಗೆ ಹಾಕಿ, ಬಾಯಿ ಅಂಟಿಸಿ, ಬಾಗಿಲಲ್ಲಿ ಹಿಡಿದು ನಿಂತೆ.